ಬ್ಯಾಂಕಿಗೆ ನಿರ್ಬಂಧ ಬೀಳುವ ಮೊದಲು, ಬಿದ್ದ ಮೇಲೆ: ಠೇವಣಿದಾರರ ಕೈಪಿಡಿ

ಆರ್‌ಬಿಐ ಒಂದು ಬ್ಯಾಂಕಿನ ಮೇಲೆ ನಿರ್ಬಂಧ ಹೇರುವಾಗ ಮುನ್ಸೂಚನೆ ಕೊಡುವುದಿಲ್ಲ. ಕೊಟ್ಟರೆ ಮಧ್ಯಾಹ್ನದೊಳಗೆ ಕೌಂಟರ್ ಖಾಲಿ. ಹಾಗಾಗಿ ಆದೇಶ ಯಾವತ್ತೂ ದಿನದ ವಹಿವಾಟು ಮುಗಿದಲ್ಲಿಂದ ಜಾರಿಗೆ ಬರುತ್ತದೆ. ಮರುದಿನ ಬೆಳಿಗ್ಗೆ ಶಾಖೆಯ ಮುಂದೆ ಸಾಲು ನಿಂತವರಿಗೆ ಸಿಗುವುದು ಆದೇಶದಲ್ಲಿ ಬರೆದಷ್ಟೇ ಮೊತ್ತ. 2019ರ ಸೆಪ್ಟೆಂಬರ್‌ನಲ್ಲಿ ಪಂಜಾಬ್ ಅಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕಿನಲ್ಲಿ, ಅಂದರೆ ಪಿಎಂಸಿಯಲ್ಲಿ, ಅದು ಮೊದಲಿಗೆ 1,000 ರೂಪಾಯಿ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ 35,000. ಅದೇ ವರ್ಷ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನಲ್ಲಿ 50,000, ನವೆಂಬರ್‌ನಲ್ಲಿ ಲಕ್ಷ್ಮಿ ವಿಲಾಸ್ ಬ್ಯಾಂಕಿನಲ್ಲಿ 25,000. 2025ರ ಫೆಬ್ರವರಿಯಲ್ಲಿ ಮುಂಬೈನ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕಿಗೆ ನಿರ್ಬಂಧ ಬಿದ್ದಾಗ ಆರಂಭದಲ್ಲಿ ಒಂದು ರೂಪಾಯಿಯನ್ನೂ ತೆಗೆಯುವಂತಿರಲಿಲ್ಲ. ಈ ಮಿತಿ ಸಾಮಾನ್ಯವಾಗಿ ಒಬ್ಬ ಠೇವಣಿದಾರನಿಗೆ ಲೆಕ್ಕ. ಹಾಗಿದ್ದಾಗ ನಾಲ್ಕು ಖಾತೆ ಇದ್ದರೆ ನಾಲ್ಕು ಪಟ್ಟು ಸಿಗುವುದಿಲ್ಲ.

ಬ್ಯಾಂಕಿನ ಆರೋಗ್ಯ ನೋಡುವುದು ಹೇಗೆ ಎಂದು ಕೇಳುವವರೇ ಹೆಚ್ಚು. ಅದಕ್ಕೆ ಆಮೇಲೆ ಬರೋಣ, ಏಕೆಂದರೆ ಅದು ಎರಡನೇ ಕೆಲಸ. ಪಿಎಂಸಿ ಬ್ಯಾಂಕಿನ 2018-19ರ ವಾರ್ಷಿಕ ವರದಿ ತೆರೆದರೆ ಒಟ್ಟು ಎನ್‌ಪಿಎ (ಕಂತು ನಿಂತು ಕೆಟ್ಟ ಸಾಲ) ಶೇ 3.76, ಬಂಡವಾಳ ಅನುಪಾತ (ಸಾಲದ ಅಪಾಯಕ್ಕೆ ಎದುರಾಗಿ ಬ್ಯಾಂಕಿನ ಸ್ವಂತ ಹಣ) ಶೇ 12.62, ಲಾಭವೂ ಇತ್ತು. ಕಾಗದದ ಮೇಲೆ ತಕರಾರು ತೆಗೆಯಲು ಏನೂ ಇರಲಿಲ್ಲ. ಅದೇ ಹೊತ್ತಿನಲ್ಲಿ ಸಾಲದ ಸುಮಾರು ಮುಕ್ಕಾಲು ಭಾಗ ಎಚ್‌ಡಿಐಎಲ್ ಎಂಬ ಒಂದೇ ಕಟ್ಟಡ ಸಮೂಹಕ್ಕೆ ಹೋಗಿತ್ತು. ಅದನ್ನು ಮುಚ್ಚಿಡಲು 21,000ಕ್ಕೂ ಹೆಚ್ಚು ನಕಲಿ ಸಾಲದ ಖಾತೆಗಳನ್ನು ಸೃಷ್ಟಿಸಲಾಗಿತ್ತು. ಲೆಕ್ಕಪತ್ರವೇ ಸುಳ್ಳು ಹೇಳಿದಾಗ ಓದುವ ಜಾಣ್ಮೆ ಕೆಲಸಕ್ಕೆ ಬರುವುದಿಲ್ಲ, ಆಗ ಕಾಯುವುದು ವಿಮೆಯ ಮಿತಿಯೊಂದೇ. ಹಣವನ್ನು ಆ ಮಿತಿಗೆ ತಕ್ಕಂತೆ ಜೋಡಿಸುವುದು ಮೊದಲ ಕೆಲಸ.

5 ಲಕ್ಷದ ಲೆಕ್ಕ

ಠೇವಣಿ ವಿಮೆ ಕೊಡುವುದು ಆರ್‌ಬಿಐನ ಅಂಗಸಂಸ್ಥೆ ಡಿಐಸಿಜಿಸಿ. 1962ರಲ್ಲಿ ವಿಮೆ ಶುರುವಾದಾಗ ಮಿತಿ 1,500 ರೂಪಾಯಿ. 1993ರಲ್ಲಿ ಅದು 1 ಲಕ್ಷಕ್ಕೆ ಬಂದು ಅಲ್ಲೇ 27 ವರ್ಷ ಕೂತಿತ್ತು. 2020ರ ಫೆಬ್ರವರಿ 4ರಿಂದ 5 ಲಕ್ಷ. ಪ್ರೀಮಿಯಂ ಕಟ್ಟುವುದು ಬ್ಯಾಂಕು, ನೀವಲ್ಲ.

ಈ 5 ಲಕ್ಷದಲ್ಲಿ ಅಸಲೂ ಬಡ್ಡಿಯೂ ಸೇರಿವೆ. ಉಳಿತಾಯ, ಚಾಲ್ತಿ, ಎಫ್‌ಡಿ, ಆರ್‌ಡಿ ಎಲ್ಲವೂ ಒಟ್ಟಿಗೆ, ಆ ಬ್ಯಾಂಕಿನ ಎಲ್ಲ ಶಾಖೆಗಳೂ ಒಟ್ಟಿಗೆ. ಜಯನಗರ ಶಾಖೆಯಲ್ಲಿ 4 ಲಕ್ಷ, ಮೈಸೂರು ಶಾಖೆಯಲ್ಲಿ 4 ಲಕ್ಷ ಇಟ್ಟವರಿಗೆ ವಿಮೆ ಇರುವುದು 8 ಲಕ್ಷಕ್ಕಲ್ಲ, 5 ಲಕ್ಷಕ್ಕೆ.

ಎಲ್ಲರೂ ಎಡವುವುದು ಬಡ್ಡಿಯಲ್ಲಿ. ಶೇ 8ರ ದರದಲ್ಲಿ 4,80,000 ರೂಪಾಯಿ ಇಟ್ಟರೆ ಚಕ್ರಬಡ್ಡಿ ಹಿಡಿಯದಿದ್ದರೂ ವರ್ಷದ ಕೊನೆಗೆ 5,18,400 ಆಗುತ್ತದೆ, ಮೇಲಿನ 18,400 ವಿಮೆಯ ಹೊರಗೆ. ಬಡ್ಡಿಯನ್ನು ಅಸಲಿಗೇ ಸೇರಿಸುವ ಎಫ್‌ಡಿಯಲ್ಲಿ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ, ದರ ಶೇ 8 ಎಂದು ಹಿಡಿದರೆ ಇಡಬಹುದಾದ ಮೊತ್ತ ಒಂದು ವರ್ಷಕ್ಕೆ 4,60,000, ಎರಡು ವರ್ಷಕ್ಕೆ 4,25,000, ಮೂರು ವರ್ಷಕ್ಕೆ 3,90,000. ಮೂರೂ ಅವಧಿಯ ಕೊನೆಗೆ 5 ಲಕ್ಷಕ್ಕೆ ಸ್ವಲ್ಪ ಕೆಳಗೇ ನಿಲ್ಲುತ್ತವೆ. ಅದೇ ಬ್ಯಾಂಕಿನಲ್ಲಿ ಉಳಿತಾಯ ಖಾತೆಯೂ ಇದ್ದರೆ ಅಲ್ಲಿ ಸಾಮಾನ್ಯವಾಗಿ ಇರುವ ಶಿಲ್ಕನ್ನು ಇದರಿಂದ ಕಳೆಯಿರಿ. ಬಡ್ಡಿಯನ್ನು ತಿಂಗಳಿಗೋ ಮೂರು ತಿಂಗಳಿಗೋ ಬೇರೆ ಬ್ಯಾಂಕಿನ ಖಾತೆಗೆ ಹಾಕಿಸಿಕೊಳ್ಳುವವರಿಗೆ ಈ ತಲೆನೋವು ಬಹುಪಾಲು ಇಲ್ಲ.

ಇನ್ನೊಂದು ನಿಯಮ ಗೊತ್ತಿರುವವರು ಕಡಿಮೆ. ವಿಮೆ ಲೆಕ್ಕ ಹಾಕುವುದು ಹೆಸರಿನ ಜೊತೆಗೆ ಯಾವ ಹಕ್ಕಿನಲ್ಲಿ, ಯಾವ ಸ್ಥಾನದಲ್ಲಿ ಹಣ ಇಟ್ಟಿದ್ದೀರಿ ಎನ್ನುವುದರ ಮೇಲೆ. ಗಂಡನ ಸ್ವಂತ ಖಾತೆ ಒಂದು, ಹೆಂಡತಿಯ ಸ್ವಂತ ಖಾತೆ ಒಂದು, ಗಂಡನ ಹೆಸರು ಮೊದಲಿರುವ ಜಂಟಿ ಖಾತೆ ಒಂದು, ಹೆಂಡತಿಯ ಹೆಸರು ಮೊದಲಿರುವ ಜಂಟಿ ಖಾತೆ ಇನ್ನೊಂದು. ಡಿಐಸಿಜಿಸಿ ಈ ನಾಲ್ಕನ್ನೂ ಬೇರೆ ಬೇರೆ ಎಂದೇ ಪರಿಗಣಿಸುತ್ತದೆ. ಅಂದರೆ ಒಂದೇ ಬ್ಯಾಂಕಿನಲ್ಲಿ ಒಂದು ದಂಪತಿಗೆ 20 ಲಕ್ಷದವರೆಗೆ ವಿಮೆ ಸಾಧ್ಯ. ಹೆಸರಿನ ಕ್ರಮ ಮಾತ್ರ ನಿಜವಾಗಿ ಅದಲುಬದಲಾಗಿರಬೇಕು. ಒಂದೇ ಕ್ರಮದಲ್ಲಿ ಮೂರು ಜಂಟಿ ಎಫ್‌ಡಿ ಮಾಡಿಸಿದರೆ ಮೂರೂ ಕೂಡಿ ಒಂದು 5 ಲಕ್ಷ. ಅಪ್ರಾಪ್ತ ಮಗುವಿನ ಪೋಷಕರಾಗಿ ಇಟ್ಟದ್ದು, ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿ ಇಟ್ಟದ್ದು ಪ್ರತ್ಯೇಕ. ಆದರೆ ನೀವೊಬ್ಬರೇ ಮಾಲೀಕರಾಗಿರುವ ಅಂಗಡಿಯ ಚಾಲ್ತಿ ಖಾತೆ ನಿಮ್ಮ ಸ್ವಂತ ಖಾತೆಯ ಜೊತೆಗೇ ಕೂಡುತ್ತದೆ. ವ್ಯಾಪಾರಸ್ಥರು ಇಲ್ಲಿ ತಪ್ಪು ಲೆಕ್ಕ ಹಾಕುತ್ತಾರೆ. ನಾಮಿನಿ ಬದಲಿಸಿದರೆ ಏನೂ ಹೆಚ್ಚುವುದಿಲ್ಲ, ನಾಮಿನಿ ಠೇವಣಿದಾರನಲ್ಲ.

ಬ್ಯಾಂಕುಗಳು ವಿಲೀನವಾದಾಗ ಎರಡು ಮಿತಿ ಒಂದಾಗುತ್ತದೆ. ಕರಾವಳಿಯಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳಲ್ಲಿ ಹಣ ಹಂಚಿಟ್ಟಿದ್ದ ಹಳೆಯ ಕುಟುಂಬಗಳು ಇದನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಿಂದ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಿಂದ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಅದೇ ದಿನದಿಂದ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಗಿವೆ. ಕೆನರಾದಲ್ಲೊಂದು ಸಿಂಡಿಕೇಟಿನಲ್ಲೊಂದು ಎಂದು ಇಟ್ಟಿದ್ದ ಎಫ್‌ಡಿಗಳು ಇಂದು ಒಂದೇ ಬ್ಯಾಂಕಿನವು. 2025ರ ಮೇ 1ರಂದು ಕರ್ನಾಟಕದ ಎರಡು ಗ್ರಾಮೀಣ ಬ್ಯಾಂಕುಗಳು ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ ಒಂದೇ ಬ್ಯಾಂಕಾದವು. ಅಲ್ಲಿಯೂ ಇದೇ ಲೆಕ್ಕ.

ಸಾಲ ಇದ್ದರೆ ಅದನ್ನು ಕಳೆದು ಉಳಿದದ್ದಕ್ಕೆ ವಿಮೆ. 6 ಲಕ್ಷ ಠೇವಣಿ, ಅದೇ ಬ್ಯಾಂಕಿನಲ್ಲಿ 2 ಲಕ್ಷ ಸಾಲ ಬಾಕಿ ಎಂದರೆ ಕೈಗೆ ಬರುವುದು 4 ಲಕ್ಷ. ಇದು ನಷ್ಟವೇನೂ ಅಲ್ಲ. 6 ಲಕ್ಷದಲ್ಲಿ ವಿಮೆಯ ಹೊರಗಿದ್ದ 1 ಲಕ್ಷವೂ ಸಾಲಕ್ಕೆ ವಜಾ ಆಗಿ ಉಳಿದಂತಾಯಿತು.

ವಿಮೆಯೇ ಇಲ್ಲದ ಕಡೆ

ಬೋರ್ಡಿನಲ್ಲಿ ‘ಬ್ಯಾಂಕ್’ ಎಂದಿದೆಯೋ ಇಲ್ಲವೋ ನೋಡಿ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ, ಕ್ರೆಡಿಟ್ ಸೊಸೈಟಿ, ಊರಿನ ಕೃಷಿ ಪತ್ತಿನ ಸಂಘ, ಇವು ಯಾವುವೂ ಡಿಐಸಿಜಿಸಿ ವ್ಯಾಪ್ತಿಗೆ ಬರುವುದಿಲ್ಲ. ಕೌಂಟರ್, ಪಾಸ್‌ಬುಕ್, ಲಾಕರ್, ಪಿಗ್ಮಿ ಸಂಗ್ರಹ ಎಲ್ಲ ಬ್ಯಾಂಕಿನ ಹಾಗೇ ಇದ್ದರೂ ಮುಳುಗಿದರೆ ಮೊದಲ ರೂಪಾಯಿಗೂ ವಿಮೆ ಇಲ್ಲ. ಎನ್‌ಬಿಎಫ್‌ಸಿ (ಬ್ಯಾಂಕೇತರ ಹಣಕಾಸು ಸಂಸ್ಥೆ) ಮತ್ತು ಕಂಪನಿಗಳ ಎಫ್‌ಡಿಗಳದೂ ಇದೇ ಕತೆ. ಪಟ್ಟಣ ಸಹಕಾರ ಬ್ಯಾಂಕು, ಡಿಸಿಸಿ ಬ್ಯಾಂಕು, ಅಪೆಕ್ಸ್ ಬ್ಯಾಂಕು, ಗ್ರಾಮೀಣ ಬ್ಯಾಂಕು, ಸಣ್ಣ ಹಣಕಾಸು ಬ್ಯಾಂಕುಗಳಿಗೆ ವಿಮೆ ಉಂಟು. ಅನುಮಾನ ಇದ್ದರೆ ಡಿಐಸಿಜಿಸಿ ಜಾಲತಾಣದಲ್ಲಿ ವಿಮೆ ಇರುವ ಬ್ಯಾಂಕುಗಳ ಪಟ್ಟಿಯಲ್ಲಿ ಹೆಸರನ್ನು ಅಕ್ಷರಶಃ ಹೊಂದಿಸಿ ನೋಡಿ. ಒಂದೇ ದೇವರ ಹೆಸರಿನ ಬ್ಯಾಂಕೂ ಸೊಸೈಟಿಯೂ ಒಂದೇ ಬೀದಿಯಲ್ಲಿ ಇರುವುದುಂಟು.

ಬ್ಯಾಂಕಿನ ಒಳಗೇ ಕೊಳ್ಳುವ ಎಲ್ಲವೂ ಠೇವಣಿಯಲ್ಲ. ಯೆಸ್ ಬ್ಯಾಂಕು ಮುಗ್ಗರಿಸಿದಾಗ ಠೇವಣಿದಾರರ ಅಸಲಿಗೆ ಧಕ್ಕೆಯಾಗಲಿಲ್ಲ, ಆದರೆ 8,415 ಕೋಟಿ ರೂಪಾಯಿಯ ಎಟಿ-1 ಬಾಂಡುಗಳನ್ನು, ಅಂದರೆ ಬ್ಯಾಂಕು ಮುಗ್ಗರಿಸಿದರೆ ನಷ್ಟ ಹೊರಬೇಕಾದ ಬಾಂಡುಗಳನ್ನು, ಸೊನ್ನೆ ಮಾಡಲಾಯಿತು. ‘ಎಫ್‌ಡಿಗಿಂತ ಒಂದೂವರೆ ಪರ್ಸೆಂಟ್ ಜಾಸ್ತಿ ಸಾರ್’ ಎಂದು ಯಾರಾದರೂ ಫಾರ್ಮು ಮುಂದೆ ಇಟ್ಟರೆ ಅದು ನಿಮ್ಮ ಡಿಮ್ಯಾಟ್ ಖಾತೆಗೆ ಬರುವಂಥದ್ದೇ ಎಂದು ಕೇಳಿ. ಹೌದು ಎಂದರೆ ಅದು ಬಾಂಡು. ಬಾಂಡಿಗೆ ಠೇವಣಿ ವಿಮೆ ಇಲ್ಲ.

ವಾರ್ಷಿಕ ವರದಿಯಲ್ಲಿ ಎಲ್ಲಿ ಬೆರಳಿಡಬೇಕು

ಮಿತಿಯೊಳಗೆ ಹಣ ಜೋಡಿಸಿಯಾದ ಮೇಲೆ ಬ್ಯಾಂಕನ್ನು ಓದುವುದಕ್ಕೆ ಅರ್ಥವಿದೆ. 5 ಲಕ್ಷ ಕೊನೆಗೆ ಸಿಕ್ಕರೂ ಕೆಲವು ತಿಂಗಳು ಸಿಕ್ಕಿಕೊಳ್ಳುವುದು ಯಾರಿಗೂ ಬೇಡ. ಸಹಕಾರ ಬ್ಯಾಂಕಿನ ಸದಸ್ಯರಾಗಿದ್ದರೆ ಸರ್ವ ಸದಸ್ಯರ ಸಭೆಗೆ ಮುಂಚೆ ವರದಿ ನಿಮಗೆ ಬರಬೇಕು. ಬಹಳ ಮಂದಿ ಅಧ್ಯಕ್ಷರ ಭಾಷಣ, ಡಿವಿಡೆಂಡ್ ದರ, ಊಟದ ಸಮಯ ನೋಡಿ ಮಡಚಿಡುತ್ತಾರೆ. ನೇರವಾಗಿ ಹಿಂದಿನ ಪುಟಗಳಿಗೆ ಹೋಗಿ, ‘ಲೆಕ್ಕಪತ್ರಗಳಿಗೆ ಟಿಪ್ಪಣಿಗಳು’ ಎಂಬ ಭಾಗಕ್ಕೆ.

ನಿವ್ವಳ ಎನ್‌ಪಿಎ ಮೊದಲು, ಅಂದರೆ ನಷ್ಟಕ್ಕೆಂದು ತೆಗೆದಿಟ್ಟ ಹಣ ಕಳೆದ ಮೇಲೆ ಉಳಿಯುವ ಕೆಟ್ಟ ಸಾಲ. ಶೇ 6 ಮುಟ್ಟಿದರೆ ಆರ್‌ಬಿಐನ ತ್ವರಿತ ಸುಧಾರಣಾ ಕ್ರಮಗಳ (ದುರ್ಬಲ ಬ್ಯಾಂಕಿನ ಮೇಲಿನ ಬಿಗಿ ನಿಗಾ) ಹೊಸ್ತಿಲಿಗೆ ಬಂದಂತೆ. ಶೇ 3 ದಾಟಿದಾಗಲೇ ಕಣ್ಣಿಡಿ. ಆದರೆ ಶೇಕಡಾವಾರು ಒಂದನ್ನೇ ನಂಬಬೇಡಿ. 1,000 ಕೋಟಿ ಸಾಲದಲ್ಲಿ 60 ಕೋಟಿ ಕೆಟ್ಟಿದ್ದರೆ ಶೇ 6. ಮರುವರ್ಷ ಸಾಲ 1,500 ಕೋಟಿಗೆ ಏರಿ, ಕೆಟ್ಟದ್ದು 75 ಕೋಟಿಯಾದರೆ ಶೇ 5. ಅಧ್ಯಕ್ಷರ ಭಾಷಣದಲ್ಲಿ ಅದು ‘ಸುಧಾರಣೆ’, ನಿಜದಲ್ಲಿ ಕೆಟ್ಟ ಸಾಲ 15 ಕೋಟಿ ಹೆಚ್ಚಾಗಿದೆ. ಹೊಸದಾಗಿ ಕೊಟ್ಟ 500 ಕೋಟಿ ಕೆಡುವುದಕ್ಕೆ ಇನ್ನೂ ಸಮಯವೇ ಆಗಿಲ್ಲ. ಸಾಲ ವರ್ಷಕ್ಕೆ ಶೇ 30, 40ರಷ್ಟು ಬೆಳೆಯುತ್ತಿರುವ ಸಣ್ಣ ಬ್ಯಾಂಕಿನ ಎನ್‌ಪಿಎ ಅಂಕಿ ಮೂರು ವರ್ಷದ ಮಟ್ಟಿಗೆ ಏನನ್ನೂ ಹೇಳುವುದಿಲ್ಲ.

ಬಂಡವಾಳ ಅನುಪಾತ, ಅಂದರೆ ಸಿಆರ್‌ಎಆರ್, ವಾಣಿಜ್ಯ ಬ್ಯಾಂಕುಗಳಿಗೆ ಕನಿಷ್ಠ ಶೇ 11.5. ಅತಿ ಸಣ್ಣ ಪಟ್ಟಣ ಸಹಕಾರ ಬ್ಯಾಂಕುಗಳಿಗೆ ಶೇ 9, ದೊಡ್ಡವಕ್ಕೆ ಶೇ 12. ಕನಿಷ್ಠಕ್ಕಿಂತ ಎರಡು ಅಂಶವಾದರೂ ಮೇಲಿರಲಿ. ಯೆಸ್ ಬ್ಯಾಂಕಿನ 2019ರ ಡಿಸೆಂಬರ್ ತ್ರೈಮಾಸಿಕದಲ್ಲಿ ಒಟ್ಟು ಎನ್‌ಪಿಎ ಶೇ 18.87, ಮೂಲ ಬಂಡವಾಳ ಶೇ 0.6. ಆ ಅಂಕಿ ಹೊರಬಿದ್ದದ್ದು ನಿರ್ಬಂಧ ಬಿದ್ದ ಮೇಲೆ. ಫಲಿತಾಂಶ ಪ್ರಕಟಿಸುವುದನ್ನು ಮುಂದಕ್ಕೆ ಹಾಕುವುದೇ ಒಂದು ಲಕ್ಷಣ ಎಂದು ಹೇಳುವುದು ಇದಕ್ಕೇ.

ಅತ್ಯಂತ ಬೆಲೆಬಾಳುವ ಟಿಪ್ಪಣಿ ಎಂದರೆ ವರ್ಗೀಕರಣದ ವ್ಯತ್ಯಾಸ. ಬ್ಯಾಂಕು ತಾನೇ ತೋರಿಸಿದ ಕೆಟ್ಟ ಸಾಲಕ್ಕೂ ಆರ್‌ಬಿಐ ತಪಾಸಣೆಯಲ್ಲಿ ಕಂಡ ಕೆಟ್ಟ ಸಾಲಕ್ಕೂ ಅಂತರ ಒಂದು ಮಟ್ಟ ದಾಟಿದರೆ ಬ್ಯಾಂಕು ಅದನ್ನು ಕೋಷ್ಟಕದಲ್ಲಿ ಪ್ರಕಟಿಸಲೇಬೇಕು. 2016ರ ಮಾರ್ಚ್ ಅಂತ್ಯಕ್ಕೆ ಯೆಸ್ ಬ್ಯಾಂಕು ತೋರಿಸಿದ್ದು ಸುಮಾರು 749 ಕೋಟಿ, ಆರ್‌ಬಿಐ ಲೆಕ್ಕದಲ್ಲಿ ಅದು ಸುಮಾರು 4,926 ಕೋಟಿ. ಆರು ಪಟ್ಟಿಗಿಂತ ಹೆಚ್ಚು. ಈ ಕೋಷ್ಟಕ 2017ರಲ್ಲೇ ಎಲ್ಲರ ಕಣ್ಣ ಮುಂದೆ ಇತ್ತು, ನಿರ್ಬಂಧ ಬಿದ್ದದ್ದು 2020ರಲ್ಲಿ. ಓದಿದವನಿಗೆ ಹಣ ತೆಗೆಯಲು ಮೂರು ವರ್ಷ ಇತ್ತು.

ಇನ್ನು ಸಾಂದ್ರತೆ. ದೊಡ್ಡ 20 ಸಾಲಗಾರರ ಪಾಲು, ದೊಡ್ಡ 20 ಠೇವಣಿದಾರರ ಪಾಲು ಎಂದು ಎರಡು ಸಾಲು ಇರುತ್ತವೆ. ಸಾಲದ ಕಾಲು ಭಾಗ 20 ಜನರ ಕೈಯಲ್ಲಿದ್ದರೆ ಒಬ್ಬ ಬಿದ್ದರೂ ಬ್ಯಾಂಕು ಅಲುಗಾಡುತ್ತದೆ. ಸಹಕಾರ ಬ್ಯಾಂಕಿನಲ್ಲಿ ನಿರ್ದೇಶಕರಿಗೂ ಅವರ ಸಂಬಂಧಿಕರಿಗೂ ಕೊಟ್ಟ ಸಾಲದ ಮೊತ್ತವನ್ನೂ ನೋಡಿ. ಅಲ್ಲಿ ಸೊನ್ನೆ ಇಲ್ಲದಿದ್ದರೆ ಸಭೆಯಲ್ಲಿ ಎದ್ದು ಕಾರಣ ಕೇಳಿ, ಉತ್ತರ ನಡಾವಳಿಯಲ್ಲಿ ದಾಖಲಾಗಲಿ.

ವರದಿಯ ಹೊರಗಿನ ಲಕ್ಷಣಗಳಲ್ಲಿ ಗಟ್ಟಿಯಾದದ್ದು ಬಡ್ಡಿ ದರ. ಸ್ಟೇಟ್ ಬ್ಯಾಂಕಿಗಿಂತ ಅರ್ಧ, ಮುಕ್ಕಾಲು ಅಂಶ ಹೆಚ್ಚು ಕೊಡುವುದು ಸಣ್ಣ ಬ್ಯಾಂಕಿಗೆ ಸಹಜ. ಎರಡು ಅಂಶ ಹೆಚ್ಚು ಕೊಡುವವನು ಆ ದುಡ್ಡನ್ನು ಶೇ 13, 14ಕ್ಕೆ ಸಾಲ ಕೊಡಬೇಕು. ಆ ದರಕ್ಕೆ ಸಾಲ ಪಡೆಯಲು ಬರುವವರು ಬೇರೆಲ್ಲೂ ಸಿಗದವರು. ಆಡಿಟರ್ ಅವಧಿಯ ಮಧ್ಯೆ ರಾಜೀನಾಮೆ ಕೊಡುವುದೂ ದೊಡ್ಡ ಸಂಕೇತ. ಆರ್‌ಬಿಐ ಎರಡು ಲಕ್ಷ, ಐದು ಲಕ್ಷ ದಂಡ ಹಾಕಿತು ಎಂಬ ಸುದ್ದಿ ಮಾತ್ರ ಅಷ್ಟೇನೂ ಅಲ್ಲ, ಕೆವೈಸಿ ಲೋಪಕ್ಕೆ ದೊಡ್ಡ ಬ್ಯಾಂಕುಗಳೂ ದಂಡ ಕಟ್ಟುತ್ತಲೇ ಇರುತ್ತವೆ.

5 ಲಕ್ಷಕ್ಕಿಂತ ಹೆಚ್ಚಿನದನ್ನು ಎಲ್ಲಿಡುವುದು

ನಿವೃತ್ತಿಯ 40, 50 ಲಕ್ಷವನ್ನು ಹತ್ತು ಸಣ್ಣ ಬ್ಯಾಂಕುಗಳಿಗೆ ಹಂಚಿ ಹತ್ತು ಕೆವೈಸಿ ನಿಭಾಯಿಸುವುದು ಎಪ್ಪತ್ತರ ವಯಸ್ಸಿನಲ್ಲಿ ಆಗುವ ಮಾತಲ್ಲ. ದೊಡ್ಡ ಮೊತ್ತ ದೊಡ್ಡ ವಾಣಿಜ್ಯ ಬ್ಯಾಂಕಿನಲ್ಲಿರಲಿ. ವ್ಯವಸ್ಥೆಗೆ ಅತಿ ಮುಖ್ಯವೆಂದು ಆರ್‌ಬಿಐ ಗುರುತಿಸಿರುವವು ಮೂರು: ಸ್ಟೇಟ್ ಬ್ಯಾಂಕ್, ಎಚ್‌ಡಿಎಫ್‌ಸಿ, ಐಸಿಐಸಿಐ. ಅಂಚೆ ಕಚೇರಿಯ ಠೇವಣಿಗೆ ಮಿತಿಯಿಲ್ಲದೆ ಕೇಂದ್ರ ಸರ್ಕಾರವೇ ಹೊಣೆ. ಆರ್‌ಬಿಐ ರಿಟೇಲ್ ಡೈರೆಕ್ಟ್ ಖಾತೆ ತೆರೆದರೆ 10,000 ರೂಪಾಯಿಯಿಂದ ಮೇಲಕ್ಕೆ 91, 182, 364 ದಿನಗಳ ಸರ್ಕಾರಿ ಖಜಾನೆ ಬಿಲ್‌ಗಳನ್ನು ನೇರವಾಗಿ ಕೊಳ್ಳಬಹುದು. ಸಹಕಾರ ಬ್ಯಾಂಕಿನ ಹೆಚ್ಚಿನ ಬಡ್ಡಿ ಬೇಕೆಂದರೆ ಮೇಲೆ ಹೇಳಿದ ಮಿತಿಯೊಳಗೆ ಇಡಿ, ತಪ್ಪೇನಿಲ್ಲ.

ಮೂರು ತಿಂಗಳ ಮನೆಖರ್ಚು ಸಂಬಳ ಬರುವ ಬ್ಯಾಂಕಿನಲ್ಲಲ್ಲದೆ ಇನ್ನೊಂದರಲ್ಲಿ ಇರಬೇಕು, ಡೆಬಿಟ್ ಕಾರ್ಡೂ ಯುಪಿಐಯೂ ಚಾಲೂ ಇರುವಂತೆ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕು ಸ್ತಬ್ಧವಾದಾಗ ಅದರ ಮೂಲಕ ನಡೆಯುತ್ತಿದ್ದ ಫೋನ್‌ಪೇ ಕೂಡ ನಿಂತಿತು, ಖಾತೆ ಬೇರೆ ಬ್ಯಾಂಕಿನಲ್ಲಿದ್ದವರಿಗೂ ಪರದಾಟ. ಎರಡು ಯುಪಿಐ ಆಪ್ ಇಟ್ಟುಕೊಳ್ಳುವುದು ಇದಕ್ಕೇ.

ನಿರ್ಬಂಧ ಬಿದ್ದ ದಿನ

ವಾಟ್ಸಾಪ್ ಬಿಟ್ಟು ಆರ್‌ಬಿಐ ಪ್ರಕಟಣೆಯನ್ನೇ ಓದಿ. ಸಹಕಾರ ಬ್ಯಾಂಕಾದರೆ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 35ಎ ಮತ್ತು 56ನೇ ಸೆಕ್ಷನ್ ಉಲ್ಲೇಖ ಇರುತ್ತದೆ, ಅವಧಿ ಸಾಮಾನ್ಯವಾಗಿ ಆರು ತಿಂಗಳು, ಮುಂದೆ ಹಲವು ಬಾರಿ ವಿಸ್ತರಣೆಯಾಗಬಹುದು. ‘ಇದು ಪರವಾನಗಿ ರದ್ದತಿಯಲ್ಲ’ ಎಂಬ ಸಾಲು ಎಲ್ಲ ಪ್ರಕಟಣೆಯಲ್ಲೂ ಇರುತ್ತದೆ, ಅದನ್ನು ಭರವಸೆ ಎಂದು ಓದಬೇಡಿ. ಹಿಂಪಡೆಯುವ ಮಿತಿ ಎಷ್ಟು, ಠೇವಣಿಯನ್ನು ಸಾಲಕ್ಕೆ ವಜಾ ಮಾಡಲು ಅನುಮತಿ ಇದೆಯೇ, ಇವೆರಡನ್ನು ಗುರುತು ಹಾಕಿಕೊಳ್ಳಿ. ಯೆಸ್ ಬ್ಯಾಂಕಿನಲ್ಲಿ ಚಿಕಿತ್ಸೆ, ಮದುವೆ, ಶಿಕ್ಷಣಕ್ಕೆ 5 ಲಕ್ಷದವರೆಗೆ ವಿನಾಯಿತಿ ಇತ್ತು. ಅಂಥ ಸಾಲು ಇದ್ದರೆ ಆಸ್ಪತ್ರೆಯ ಅಂದಾಜುಪಟ್ಟಿ ಅಥವಾ ಲಗ್ನಪತ್ರಿಕೆ ಜೊತೆಗೆ ಅರ್ಜಿ ಕೊಡಿ.

ನೆಟ್‌ಬ್ಯಾಂಕಿಂಗ್ ತೆರೆಯುತ್ತಿರುವಾಗಲೇ ಎಲ್ಲ ಖಾತೆಗಳ ಸ್ಟೇಟ್‌ಮೆಂಟು, ಎಫ್‌ಡಿ ವಿವರ ಇಳಿಸಿಕೊಳ್ಳಿ. ಪಾಸ್‌ಬುಕ್ ಮಾತ್ರ ಇರುವವರು ಮೊದಲ ವಾರದಲ್ಲೇ ನಮೂದು ಹಾಕಿಸಿ. ಸಂಬಳ, ಪಿಂಚಣಿ, ಗ್ಯಾಸ್ ಸಬ್ಸಿಡಿ, ಇಎಂಐ, ಎಸ್‌ಐಪಿ, ವಿಮಾ ಕಂತು ಎಲ್ಲವನ್ನೂ ಬೇರೆ ಖಾತೆಗೆ ತಿರುಗಿಸಿ. ಆಧಾರ್ ಮೂಲಕ ಬರುವ ಸರ್ಕಾರಿ ಹಣಕ್ಕೆ ಹೊಸ ಬ್ಯಾಂಕಿನಲ್ಲಿ ಆಧಾರ್ ಜೋಡಣೆ ಬದಲಿಸಬೇಕು, ಖಾತೆ ತೆರೆದ ಮಾತ್ರಕ್ಕೆ ಬದಲಾಗುವುದಿಲ್ಲ. ಮುಂಚೆ ಕೊಟ್ಟ ಚೆಕ್ಕುಗಳು ವಾಪಸಾಗುತ್ತವೆ, ಪಡೆದವರಿಗೆ ನೀವೇ ಮೊದಲು ತಿಳಿಸಿ. ಸಾಲದ ಕಂತು ಮಾತ್ರ ನಿಲ್ಲಿಸಬೇಡಿ. ಬ್ಯಾಂಕು ಸಿಕ್ಕಿಬಿದ್ದರೆ ನಿಮ್ಮ ಸಾಲ ಮನ್ನಾ ಆಗುವುದಿಲ್ಲ, ಕಂತು ತಪ್ಪಿದರೆ ಕ್ರೆಡಿಟ್ ಸ್ಕೋರ್ ಮಾತ್ರ ಕೆಡುತ್ತದೆ.

ಈಗ ಓಡಿಹೋಗಿ ಎಫ್‌ಡಿಯನ್ನು ಹೆಂಡತಿ, ಮಕ್ಕಳ ಹೆಸರಿಗೆ ಒಡೆಯಲು ಕೇಳಿ ಪ್ರಯೋಜನವಿಲ್ಲ. ‘ಶೇ 70 ಈಗಲೇ ಕೊಡುತ್ತೇವೆ, ರಸೀದಿ ನಮಗೆ ಬರೆದುಕೊಡಿ’ ಎನ್ನುವ ದಲ್ಲಾಳಿಗಳು ಇದೇ ವಾರದಲ್ಲಿ ಸುತ್ತುತ್ತಾರೆ. 5 ಲಕ್ಷದೊಳಗಿನ ಠೇವಣಿಯನ್ನು ಅವರಿಗೆ ಕೊಡುವುದು ಮೂವತ್ತು ಪರ್ಸೆಂಟನ್ನು ದಾನ ಮಾಡಿದಂತೆ.

90 ದಿನದ ಗಡುವು

2021ರ ಸೆಪ್ಟೆಂಬರ್ 1ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ ಪರವಾನಗಿ ರದ್ದಾಗುವವರೆಗೆ ಕಾಯಬೇಕಿಲ್ಲ. ನಿರ್ಬಂಧ ಬಿದ್ದ 90 ದಿನದೊಳಗೆ ಡಿಐಸಿಜಿಸಿ ಹಣ ಕೊಡಬೇಕು. ಮೊದಲ 45 ದಿನ ಬ್ಯಾಂಕು ಪಟ್ಟಿ ತಯಾರಿಸಲು, ಮುಂದಿನ 30 ದಿನ ಪರಿಶೀಲನೆಗೆ, ಕೊನೆಯ 15 ದಿನ ಪಾವತಿಗೆ. ವಿಲೀನದ ಮಾತುಕತೆ ನಡೆಯುತ್ತಿದ್ದರೆ ಆರ್‌ಬಿಐ ಇನ್ನೂ 90 ದಿನ ವಿಸ್ತರಿಸಬಹುದು.

ಹಣ ತಾನಾಗಿ ಬರುವುದಿಲ್ಲ. ಶಾಖೆಯಲ್ಲಿ ಸಮ್ಮತಿ ಪತ್ರ ತುಂಬಿ, ಗುರುತಿನ ದಾಖಲೆ ಮತ್ತು ಬೇರೆ ಬ್ಯಾಂಕಿನ ಖಾತೆ ಸಂಖ್ಯೆ ಕೊಡಬೇಕು. ಅದೂ ಮೊದಲ 45 ದಿನದೊಳಗೆ. ಅರ್ಜಿಗಳು ಇಲ್ಲಿ ಸಿಕ್ಕಿಬೀಳುವುದು ಬಹುಪಾಲು ಹೆಸರಿನಿಂದ. ಪಾಸ್‌ಬುಕ್‌ನಲ್ಲಿ ‘ಎಚ್. ಎಸ್. ಲಕ್ಷ್ಮಮ್ಮ’, ಆಧಾರ್‌ನಲ್ಲಿ ಬರೀ ‘ಲಕ್ಷ್ಮಮ್ಮ’, ಹೊಸ ಖಾತೆಯಲ್ಲಿ ಗಂಡನ ಹೆಸರೂ ಸೇರಿ ಇನ್ನೊಂದು. ಮೂರೂ ಒಬ್ಬರೇ ಎಂದು ನೋಟರಿ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಜಂಟಿ ಖಾತೆಗೆ ಎಲ್ಲರ ಸಹಿ ಬೇಕಾಗುತ್ತದೆ. ಒಬ್ಬರು ತೀರಿಕೊಂಡಿದ್ದು ಬ್ಯಾಂಕಿಗೆ ತಿಳಿಸಿಲ್ಲದಿದ್ದರೆ ಮರಣ ಪ್ರಮಾಣಪತ್ರ ಕೊಟ್ಟು ಹೆಸರು ತೆಗೆಸುವ ಕೆಲಸ ಮೊದಲು. ಅರ್ಜಿ ಸಲ್ಲಿಸಿದ್ದಕ್ಕೆ ಮೊಹರು ಬಿದ್ದ ಪ್ರತಿ ಪಡೆಯದೆ ಶಾಖೆ ಬಿಟ್ಟು ಬರಬೇಡಿ.

ಪರವಾನಗಿ ರದ್ದಾದರೆ ಲಿಕ್ವಿಡೇಟರ್, ಅಂದರೆ ಬ್ಯಾಂಕಿನ ಆಸ್ತಿ ಮಾರಿ ಬಾಕಿ ತೀರಿಸುವ ಅಧಿಕಾರಿ, ಬರುತ್ತಾರೆ. ಅವರು ಮೂರು ತಿಂಗಳಲ್ಲಿ ಪಟ್ಟಿ ಕೊಡಬೇಕು, ಪಟ್ಟಿ ತಲುಪಿದ ಎರಡು ತಿಂಗಳಲ್ಲಿ ಡಿಐಸಿಜಿಸಿ ಪಾವತಿಸಬೇಕು. ರದ್ದತಿಯ ಪ್ರಕಟಣೆಯಲ್ಲಿ ‘ಶೇ 98ರಷ್ಟು ಠೇವಣಿದಾರರಿಗೆ ಪೂರ್ಣ ಹಣ’ ಎಂಬ ಬಗೆಯ ಸಾಲು ಇರುತ್ತದೆ. ಅದು ತಲೆಗಳ ಎಣಿಕೆ, ಹಣದ ಎಣಿಕೆಯಲ್ಲ. ಉಳಿದ ಶೇ 2 ಜನರ ಬಳಿಯೇ ಠೇವಣಿಯ ದೊಡ್ಡ ಪಾಲು ಇರಬಹುದು.

ಮಿತಿ ಮೀರಿದ ಹಣ ಇದ್ದವರು ಮೂಲ ರಸೀದಿಗಳನ್ನು ಯಾರಿಗೂ ಒಪ್ಪಿಸದೆ, ಜೆರಾಕ್ಸ್ ಮಾತ್ರ ಕೊಟ್ಟು, ಲಿಕ್ವಿಡೇಟರ್ ಬಳಿ ಪ್ರತ್ಯೇಕ ಹಕ್ಕು ಸಲ್ಲಿಸಬೇಕು. ಬ್ಯಾಂಕಿನ ಆಸ್ತಿ ಮಾರಿ ಬಂದದ್ದರಲ್ಲಿ ಡಿಐಸಿಜಿಸಿಗೆ ಕೊಡಬೇಕಾದದ್ದೂ ಇರುವುದರಿಂದ ಇದಕ್ಕೆ ವರ್ಷಗಳೇ ಹಿಡಿಯುತ್ತವೆ. ವಿಲೀನವಾದರೂ ಬೇಗ ಬರುತ್ತದೆ ಎಂದಿಲ್ಲ. ಯೆಸ್ ಬ್ಯಾಂಕಿನ ನಿರ್ಬಂಧ 13 ದಿನಕ್ಕೆ ತೆರವಾಯಿತು, ಲಕ್ಷ್ಮಿ ವಿಲಾಸ್ ಬ್ಯಾಂಕು ಹತ್ತೇ ದಿನದಲ್ಲಿ ಡಿಬಿಎಸ್ ಇಂಡಿಯಾ ಪಾಲಾಯಿತು. ಆದರೆ ಪಿಎಂಸಿ ಠೇವಣಿದಾರರು ಯೂನಿಟಿ ಸಣ್ಣ ಹಣಕಾಸು ಬ್ಯಾಂಕಿಗೆ ಸೇರಿದ್ದು 2022ರ ಜನವರಿ 25ರಂದು, ಎರಡು ವರ್ಷ ನಾಲ್ಕು ತಿಂಗಳ ಮೇಲೆ. 5 ಲಕ್ಷಕ್ಕಿಂತ ಮೇಲಿನದಕ್ಕೆ ಅಲ್ಲಿ ಕಂತುಗಳ ಪಟ್ಟಿ 10 ವರ್ಷದವರೆಗೆ ಚಾಚಿದೆ. ಅಂಥ ಪಟ್ಟಿ ಕೈಗೆ ಬಂದರೆ ಪ್ರತಿ ಕಂತಿನ ದಿನಾಂಕ ಬರೆದಿಟ್ಟು, ನಾಮಿನಿಯ ಹೆಸರು ಹೊಸ ಬ್ಯಾಂಕಿನ ದಾಖಲೆಗೂ ಬಂದಿದೆಯೇ ಎಂದು ಲಿಖಿತವಾಗಿ ಕೇಳಿ.